ಮೂರು ಲಕ್ಷ ಕೊಟ್ಟಾಯಿತು, ಇನ್ನೇನು ಎಂದರೆ? ಪರಿಹಾರದ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ಬಗ್ಗೆ

ಪ್ರಶ್ನೆ: 2023ರಲ್ಲಿ ನಮ್ಮಕ್ಕನ ಮೇಲೆ ಆ್ಯಸಿಡ್ ಎರಚಿದರು. ಮುಖದ ಎಡಭಾಗ ಪೂರ್ತಿ ಸುಟ್ಟಿದೆ, ಎಡಗಣ್ಣು ಕಾಣುವುದಿಲ್ಲ. ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದಳು. ಈಗ ಸೂಜಿಗೆ ದಾರ ಪೋಣಿಸಲಿಕ್ಕೂ ಮಗಳನ್ನು ಕರೆಯುತ್ತಾಳೆ. ಕೇಸು ಸೆಷನ್ಸ್ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ. ಕಾನೂನು ಸೇವಾ ಪ್ರಾಧಿಕಾರದಿಂದ ಮೂರು ಲಕ್ಷ ರೂಪಾಯಿ ಸಿಕ್ಕಿತು. ಸಾಲದು ಎಂದು ಮೇಲ್ಮನವಿ ಹಾಕಿದೆವು. 'ಸುಪ್ರೀಂ ಕೋರ್ಟ್ ಆದೇಶದಂತೆ ಮೂರು ಲಕ್ಷ ಪಾವತಿಸಲಾಗಿದೆ. ಹೆಚ್ಚಿನ ಪರಿಹಾರಕ್ಕೆ ಕಾರಣ ಕಂಡುಬಂದಿಲ್ಲ' ಎಂದು ಎರಡೇ ಸಾಲಿನಲ್ಲಿ ವಜಾ ಮಾಡಿದ್ದಾರೆ. ಹೈಕೋರ್ಟಿಗೆ ಹೋಗಬಹುದಾ? ಹೋದರೆ ಕೊಟ್ಟಿದ್ದನ್ನೂ ವಾಪಸ್ ಕೇಳುತ್ತಾರಾ? ಅಕ್ಕ ಮಾತ್ರ 'ಸರ್ಕಾರದವರು ಕೊಟ್ಟಷ್ಟು ಕೊಟ್ಟಿದ್ದಾರೆ, ಮತ್ತೆ ಮತ್ತೆ ಬೇಡೋದು ಹೇಗೆ' ಎನ್ನುತ್ತಾಳೆ. (ಹೆಸರು, ಊರು ಹಾಕಬೇಡಿ.)

ಉತ್ತರ: ಹೋಗಬಹುದು. ನನ್ನನ್ನು ಕೇಳಿದರೆ, ಹೋಗಲೇಬೇಕು.

ಮೊದಲು ಅಕ್ಕನ ಮಾತಿಗೆ ಉತ್ತರ ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಅರ್ಜಿ ನಿಂತುಹೋಗುವುದು ಅಲ್ಲೇ. ಇದು ಬೇಡುವುದಲ್ಲ. ಅಪರಾಧದಿಂದ ನೊಂದವರಿಗೆ ರಾಜ್ಯ ಸರ್ಕಾರ ಪರಿಹಾರ ಕೊಡಬೇಕು ಎಂದು ಕಾನೂನೇ ಹೇಳಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಂ ಸೇರಿ, 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಷಯ 396ನೇ ಕಲಂ ಆಗಿದೆ. ಅಪರಾಧಿ ಸಿಗದಿದ್ದರೂ, ಆರೋಪಿ ಖುಲಾಸೆ ಆದರೂ ಪರಿಹಾರ ಕೊಡಲು ಅವಕಾಶವಿದೆ. ಅರ್ಜಿ ಬಂದ ಮೇಲೆ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಿ 'ಸಾಕಷ್ಟು' ಪರಿಹಾರ ಕೊಡಬೇಕು. ಈ 'ಸಾಕಷ್ಟು' ಎಂಬ ಪದವನ್ನು ನೆನಪಿಡಿ. ನಿಮ್ಮ ಇಡೀ ವಾದ ನಿಲ್ಲುವುದು ಅದರ ಮೇಲೆ.

ಇನ್ನು ನಿಮ್ಮ ಆದೇಶ. 'ಸುಪ್ರೀಂ ಕೋರ್ಟ್ ಆದೇಶದಂತೆ ಮೂರು ಲಕ್ಷ' ಎಂದು ಬರೆದಿದ್ದಾರಲ್ಲ, ಆ ಮೂರು ಲಕ್ಷ ಎಲ್ಲಿಂದ ಬಂತು ಗೊತ್ತಾ? 2013ರ ಜುಲೈ 18ರಂದು ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ್ಯಸಿಡ್ ದಾಳಿಗೆ ಒಳಗಾದವರಿಗೆ ಕನಿಷ್ಠ ಮೂರು ಲಕ್ಷ ಕೊಡಿ ಎಂದಿತು. ಘಟನೆ ಸರ್ಕಾರದ ಗಮನಕ್ಕೆ ಬಂದ 15 ದಿನದಲ್ಲಿ ಒಂದು ಲಕ್ಷ, ಮುಂದಿನ ಎರಡು ತಿಂಗಳಲ್ಲಿ ಉಳಿದ ಎರಡು ಲಕ್ಷ. ಆಗ ಕೆಲವು ರಾಜ್ಯಗಳು ಅದಕ್ಕಿಂತ ಎಷ್ಟೋ ಕಡಿಮೆ ಕೊಡುತ್ತಿದ್ದವು. ಅದಕ್ಕೇ ಕೋರ್ಟು ಒಂದು ನೆಲ ಹಾಕಿತು. ಇದಕ್ಕಿಂತ ಕೆಳಗೆ ಇಳಿಯಬೇಡಿ ಅಂತ. ಆದರೆ ಆ ನೆಲವನ್ನೇ ಸೂರು ಎಂದು ಓದಿದವರು ಬಹಳ.

ಹಾಗೆ ಓದುವುದು ತಪ್ಪು ಎಂದು ಸುಪ್ರೀಂ ಕೋರ್ಟೇ ಎರಡು ವರ್ಷದ ನಂತರ ಹೇಳಿತು. 2015ರ ಡಿಸೆಂಬರಿನ ಪರಿವರ್ತನ ಕೇಂದ್ರ ಪ್ರಕರಣ ಅದು. ಬಿಹಾರದ ಇಬ್ಬರು ದಲಿತ ಅಕ್ಕತಂಗಿಯರು ಮನೆಯ ತಾರಸಿಯ ಮೇಲೆ ಮಲಗಿದ್ದಾಗ ದಾಳಿ ನಡೆದಿತ್ತು. ಮೂರು ಲಕ್ಷ ಎನ್ನುವುದು ಕನಿಷ್ಠ ಮೊತ್ತ, ಗಾಯ ನೋಡಿ, ಖರ್ಚು ನೋಡಿ, ಮುಂದಿನ ಬದುಕು ನೋಡಿ ಅದಕ್ಕಿಂತ ಜಾಸ್ತಿ ಕೊಡಲು ಏನೂ ಅಡ್ಡಿಯಿಲ್ಲ ಎಂದು ಕೋರ್ಟು ಹೇಳಿತು. ತೀವ್ರವಾಗಿ ಸುಟ್ಟಿದ್ದ ಹುಡುಗಿಗೆ ತಾನೇ 10 ಲಕ್ಷ ನಿಗದಿ ಮಾಡಿತು, ಅವಳ ಜೊತೆಗಿದ್ದವಳಿಗೆ 3 ಲಕ್ಷ.

ಆಮೇಲೆ ಬಂದದ್ದು 2018ರ ಯೋಜನೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ, ಅಂದರೆ ನಾಲ್ಸಾ, ಹೆಣ್ಣುಮಕ್ಕಳಿಗಾಗಿಯೇ ಒಂದು ಪರಿಹಾರ ಯೋಜನೆ ಮಾಡಿತು. ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. 2018ರ ಅಕ್ಟೋಬರ್ 2ರಿಂದ ದೇಶದೆಲ್ಲೆಡೆ ಅನ್ವಯ. ರಾಜ್ಯಗಳು ಇದಕ್ಕೆ ಸೇರಿಸಬಹುದು, ಇದರಿಂದ ಏನನ್ನೂ ತೆಗೆಯುವಂತಿಲ್ಲ ಎಂದೂ ಹೇಳಿತು. ಆ ಯೋಜನೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಆ್ಯಸಿಡ್ ದಾಳಿಯಲ್ಲಿ ಮುಖ ವಿರೂಪಗೊಂಡಿದ್ದರೆ ಕನಿಷ್ಠ 7 ಲಕ್ಷ, ಗರಿಷ್ಠ 8 ಲಕ್ಷ. ಗಾಯ ಶೇಕಡಾ 50ಕ್ಕಿಂತ ಹೆಚ್ಚಿದ್ದರೆ 5ರಿಂದ 8 ಲಕ್ಷ. ಶೇಕಡಾ 50ಕ್ಕಿಂತ ಕಡಿಮೆ ಇದ್ದರೆ 3ರಿಂದ 5 ಲಕ್ಷ. ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ 3ರಿಂದ 4 ಲಕ್ಷ. ಒಬ್ಬರಿಗೆ ಪಟ್ಟಿಯ ಒಂದಕ್ಕಿಂತ ಹೆಚ್ಚು ಸಾಲು ಅನ್ವಯಿಸಿದರೆ ಎಲ್ಲವನ್ನೂ ಸೇರಿಸಿ ನೋಡಬೇಕು ಎಂದೂ ಅಲ್ಲೇ ಬರೆದಿದೆ.

ಈಗ ನಿಮ್ಮಕ್ಕನ ಆದೇಶವನ್ನು ಈ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿ. ಮುಖದ ಅರ್ಧ ಸುಟ್ಟಿದೆ. ಒಂದು ಕಣ್ಣು ಹೋಗಿದೆ. ಕೊಟ್ಟದ್ದು ಮೂರು ಲಕ್ಷ. ಯಾವ ಸಾಲಿನಡಿ ಕೊಟ್ಟರು? ಆದೇಶದಲ್ಲಿ ಅದು ಇಲ್ಲ. ಮುಖ ವಿರೂಪ ಆಗಿಲ್ಲ ಎಂದು ತೀರ್ಮಾನಿಸಿದರಾ? ಅದೂ ಇಲ್ಲ. 2018ರ ಯೋಜನೆಯ ಹೆಸರೇ ಇಲ್ಲ. ನಿಮಗೆ ದಾರಿ ತೆರೆಯುವುದು ಈ ಮೌನವೇ.

ಹೈಕೋರ್ಟು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ತಿಳಿಯದೆ ಹೋದವರು ನಿರಾಶರಾಗಿ ವಾಪಸ್ ಬರುತ್ತಾರೆ. ನೀವು ಹಾಕುವುದು ಸಂವಿಧಾನದ 226ನೇ ವಿಧಿಯ ಕೆಳಗೆ ರಿಟ್ ಅರ್ಜಿ. ಅದು ಇನ್ನೊಂದು ಮೇಲ್ಮನವಿ ಅಲ್ಲ. ಸಂತೆಯಲ್ಲಿ ತೂಕದ ಜಗಳ ಆಗುತ್ತದಲ್ಲ, ಹಾಗೆ ಯೋಚಿಸಿ. ಮೇಲ್ಮನವಿ ಅಂದರೆ ಸಾಮಾನನ್ನು ಮತ್ತೆ ತೂಗುವುದು. ರಿಟ್ ಅಂದರೆ ತಕ್ಕಡಿ ಸರಿ ಇತ್ತಾ, ಬಟ್ಟು ಸರಿ ಇತ್ತಾ, ಎಲ್ಲ ಸಾಮಾನನ್ನೂ ತಟ್ಟೆಗೆ ಹಾಕಿದ್ದರಾ ಎಂದು ನೋಡುವುದು. 'ನೋವು ಬಹಳ ಇದೆ, ಹಣ ಕಡಿಮೆ ಆಯಿತು' ಎಂದಷ್ಟೇ ಹೇಳಿದರೆ, ಮೊತ್ತ ನಿರ್ಧರಿಸುವುದು ಪ್ರಾಧಿಕಾರದ ಕೆಲಸ ಎಂದು ನ್ಯಾಯಮೂರ್ತಿಗಳು ಹೇಳಬಹುದು. 'ಅನ್ವಯಿಸಬೇಕಾದ ಯೋಜನೆಯನ್ನು ನೋಡಿಯೇ ಇಲ್ಲ, ಕನಿಷ್ಠವನ್ನು ಗರಿಷ್ಠ ಎಂದು ಓದಿದ್ದಾರೆ, ವೈದ್ಯರ ದಾಖಲೆಯ ಬಗ್ಗೆ ಒಂದು ಮಾತಿಲ್ಲ, ಕಾರಣ ಕೊಟ್ಟಿಲ್ಲ' ಎಂದರೆ ಕೋರ್ಟು ಕೇಳಲೇಬೇಕು. ನಿಮ್ಮ ಅರ್ಜಿಯ ಮೊದಲ ಪುಟದಲ್ಲೇ ಈ ನಾಲ್ಕು ಮಾತು ಇರಲಿ. ದಾಳಿ ಹೇಗಾಯಿತು ಎನ್ನುವುದು ನಂತರ ಬರಲಿ.

ಕಾರಣ ಕೊಡದಿರುವುದು ಚಿಕ್ಕ ತಪ್ಪಲ್ಲ. ಕೋರ್ಟಿನಿಂದ ನೋಟಿಸ್ ಹೋದ ಮೇಲೆ ಸರ್ಕಾರದ ಕಡೆಯಿಂದ ಉದ್ದನೆಯ ಆಕ್ಷೇಪಣೆ ಬರಬಹುದು. ಆದೇಶದಲ್ಲಿ ಇಲ್ಲದ ಹತ್ತು ಕಾರಣ ಅದರಲ್ಲಿ ಇರಬಹುದು. ಹೆದರಬೇಡಿ. ಆದೇಶವನ್ನು ಅದರಲ್ಲೇ ಬರೆದ ಕಾರಣಗಳಿಂದ ಅಳೆಯಬೇಕು, ಆಮೇಲೆ ಪ್ರಮಾಣಪತ್ರ ಹಾಕಿ ಹೊಸ ಕಾರಣ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿದೆ. ಹಳತಾದಷ್ಟೂ ಚೆನ್ನಾಗಲು ಆದೇಶವೇನು ಹಳೆಯ ವೈನ್ ಅಲ್ಲ ಎಂಬ ಮಾತು ಆ ತೀರ್ಪಿನಲ್ಲಿದೆ. ವಕೀಲರೆಲ್ಲರಿಗೂ ಬಾಯಿಪಾಠ ಆದ ಮಾತು ಅದು. ನಿಮ್ಮ ವಕೀಲರಿಗೂ ಗೊತ್ತಿರುತ್ತದೆ.

ಹೀಗೆ ಕೋರ್ಟು ಕೈಹಾಕುವ ಪದ್ಧತಿ ಎಲ್ಲಿಂದ ಬಂತು ಎನ್ನುವುದಕ್ಕೆ ಒಂದು ಹಳೆಯ ಕಥೆ ಇದೆ. ಅಕ್ಕನಿಗೆ ಓದಿ ಹೇಳಿ. ಇಂಗ್ಲೆಂಡಿನಲ್ಲಿ 1964ರಲ್ಲಿ ಅಪರಾಧಕ್ಕೆ ಬಲಿಯಾದವರಿಗೆ ಪರಿಹಾರ ಕೊಡಲು ಒಂದು ಮಂಡಳಿ ಮಾಡಿದರು. ಅದಕ್ಕೆ ಕಾಯಿದೆಯೇ ಇರಲಿಲ್ಲ. ಸರ್ಕಾರ ಪಾರ್ಲಿಮೆಂಟಿನಲ್ಲಿ ಘೋಷಿಸಿದ ಯೋಜನೆ, ಅಷ್ಟೆ. ದಯೆಯಿಂದ ಕೊಡುವ ಹಣ ಎಂದೇ ಹೇಳಿದ್ದರು. ಒಬ್ಬ ಪೊಲೀಸ್ ಕಾನ್‌ಸ್ಟೇಬಲ್‌ನ ಮುಖಕ್ಕೆ ಗುಂಡು ಹೊಡೆದಿದ್ದರು. ಅವನು ಆ ನೋವು ತಾಳಲಾರದೆ ಆಮೇಲೆ ತಾನೇ ಪ್ರಾಣ ಕಳೆದುಕೊಂಡ. ಹೆಂಡತಿ ಪರಿಹಾರ ಕೇಳಿದಳು. ಮೊದಲು ಮಂಡಳಿಯ ಒಬ್ಬ ಸದಸ್ಯರು ಸ್ವಲ್ಪ ಹಣ ಮಂಜೂರು ಮಾಡಿದರು. ಮೂವರು ಸದಸ್ಯರ ಮುಂದೆ ಹೋದಾಗ, ಪಿಂಚಣಿ ಬರುತ್ತದಲ್ಲ, ಅದನ್ನು ಕಳೆದರೆ ಏನೂ ಉಳಿಯುವುದಿಲ್ಲ ಎಂದುಬಿಟ್ಟರು. ಅವಳು ಕೋರ್ಟಿಗೆ ಹೋದಳು. ಇದು ದಯೆಯ ಹಣ, ಕೋರ್ಟಿಗೆ ಇಲ್ಲೇನು ಕೆಲಸ ಎಂದು ಮಂಡಳಿಯ ಪರ ವಾದ ಬಂತು. 1967ರಲ್ಲಿ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಸಾರ್ವಜನಿಕ ಹಣವನ್ನು ಯಾರಿಗೆ ಎಷ್ಟು ಎಂದು ತೀರ್ಮಾನಿಸುವ ಮಂಡಳಿ ತನ್ನ ನಿಯಮಕ್ಕೆ ತಕ್ಕಂತೆ ನಡೆದಿದೆಯೇ ಎಂದು ನಾವು ನೋಡಬಹುದು ಎಂದಿತು. ನೋಡಿತು ಕೂಡ. ತಪ್ಪು ಕಾಣಲಿಲ್ಲ, ಅವಳು ಸೋತಳು. ಆದರೆ ಅವಳು ತೆರೆದ ಬಾಗಿಲಲ್ಲಿ ಅವಳ ಹಿಂದೆ ನೂರಾರು ಜನ ಹೋದರು. ದಯೆಯ ಹಣಕ್ಕೇ ಲೆಕ್ಕ ಕೇಳಬಹುದಾದರೆ, ಕಾನೂನೇ ಕೊಡಬೇಕು ಎಂದ ಹಣಕ್ಕೆ ಕೇಳಬಾರದಾ?

ಆ ಬಾಗಿಲಲ್ಲಿ ಹೋದ ಒಬ್ಬಳ ಕೇಸು ನಿಮಗೆ ಇನ್ನೂ ಹತ್ತಿರದ್ದು. 1999ರಲ್ಲಿ ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಮನೆಗೆ ನುಗ್ಗಿದ ಕಳ್ಳರು ಅತ್ಯಾಚಾರ ಮಾಡಿದರು ಎಂದು ಆ ಮಹಿಳೆ ಹೇಳಿದ್ದಳು. ಮಂಡಳಿ ನಂಬಲಿಲ್ಲ. ಆದರೆ ಪೊಲೀಸರ ಡಾಕ್ಟರು ಅವಳನ್ನು ಪರೀಕ್ಷಿಸಿ, ಗುರುತುಗಳು ಅವಳ ಮಾತಿಗೆ ಹೊಂದುತ್ತವೆ ಎಂದು ವರದಿ ಬರೆದಿದ್ದರು. ಆ ವರದಿ ಮಂಡಳಿಯ ಮೇಜಿಗೆ ಬಂದಿರಲೇ ಇಲ್ಲ. ಕಾಗದ ಪೊಲೀಸರ ಹತ್ತಿರ, ತೀರ್ಮಾನ ಮಂಡಳಿಯಲ್ಲಿ. ಇದು ನ್ಯಾಯವಾದ ವಿಚಾರಣೆ ಅಲ್ಲ ಎಂದು ಲಾರ್ಡ್ಸ್ ಆ ತೀರ್ಮಾನವನ್ನು ರದ್ದು ಮಾಡಿದರು.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಕಡೆಯ ಒಂದು ಫೈಲು ನೆನಪಾಗುತ್ತದೆ. ನನ್ನ ಹತ್ತಿರ ಬಂದ ಒಬ್ಬ ಹೆಣ್ಣುಮಗಳದ್ದು. ಪರಿಹಾರ ಕಡಿಮೆ ಆಗಿತ್ತು. ಯಾಕೆ ಎಂದು ನೋಡಲು ಇಡೀ ಕಡತದ ನಕಲು ತೆಗೆಸಿದೆ. ಗಾಯದ ಫೋಟೋ ಇತ್ತು, ನಿಜ. ಆದರೆ ಅದು ಕಪ್ಪು ಬಿಳುಪು ಜೆರಾಕ್ಸು. ಜೆರಾಕ್ಸಿನ ಜೆರಾಕ್ಸು ಇರಬೇಕು. ಮುಖ ಇರಬೇಕಾದ ಕಡೆ ಒಂದು ಕಪ್ಪು ಮಚ್ಚೆ. ಯಾವುದು ನೆರಳು, ಯಾವುದು ಸುಟ್ಟ ಚರ್ಮ, ಯಾರಿಗೂ ಗೊತ್ತಾಗುವಂತಿರಲಿಲ್ಲ. ತೀರ್ಮಾನ ಮಾಡಿದವರು ನೋಡಿದ್ದು ಅದನ್ನು. ಬಣ್ಣದ ಫೋಟೋ ಅವಳ ಮೊಬೈಲಿನಲ್ಲೇ ಉಳಿದಿತ್ತು. ಔಷಧಿ ಬಿಲ್ಲುಗಳೂ ಇದ್ದವು, ಸಣ್ಣ ಸಣ್ಣ ಚೀಟಿ. ಬಹುಪಾಲು ಬಿಳಿ ಹಾಳೆ. ಮೆಡಿಕಲ್ ಶಾಪಿನ ಮಿಷನ್ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಆರು ತಿಂಗಳ ಖರ್ಚು ಹೀಗೆ ಅಳಿಸಿಹೋಗಿತ್ತು.

ಅದಕ್ಕೇ ಹೇಳುತ್ತೇನೆ, ವಕೀಲರನ್ನು ಹುಡುಕುವ ಮೊದಲು ಕಡತ ಹುಡುಕಿ. ಜಿಲ್ಲೆಯಲ್ಲೂ ಮೇಲ್ಮನವಿಯಲ್ಲೂ ಯಾವ ಯಾವ ಕಾಗದ ಇತ್ತು ಎನ್ನುವುದರ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಎಫ್‌ಐಆರ್, ಗಾಯದ ಸರ್ಟಿಫಿಕೇಟ್, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಕಣ್ಣಿನ ಡಾಕ್ಟರ ವರದಿ, ಚಾರ್ಜ್‌ಶೀಟ್, ಪೊಲೀಸರ ಅಭಿಪ್ರಾಯ. ಇವು ಅಲ್ಲಿ ಇದ್ದೂ ಆದೇಶದಲ್ಲಿ ಅವುಗಳ ಮಾತಿಲ್ಲ ಎಂದರೆ ನಿಮ್ಮ ರಿಟ್ ಗಟ್ಟಿ. ಅಲ್ಲಿ ಇರಲೇ ಇಲ್ಲ ಎಂದರೆ ದಾರಿ ಸ್ವಲ್ಪ ಬೇರೆ. ಹೈಕೋರ್ಟು ಸಾಮಾನ್ಯವಾಗಿ ಹೊಸ ಸಾಕ್ಷಿ ತೆಗೆದುಕೊಂಡು ತಾನೇ ವಿಚಾರಣೆ ಮಾಡುವುದಿಲ್ಲ. ಆಗ 'ಈ ದಾಖಲೆ ಪಡೆದು ಮತ್ತೆ ನೋಡಲು ಹೇಳಿ' ಎಂದು ಕೇಳಬೇಕು. ವಿಚಾರಣೆ ಮಾಡಬೇಕಾದ್ದು ಪ್ರಾಧಿಕಾರ, ಕಾಗದ ತರಿಸಿಕೊಳ್ಳುವ ಹೊಣೆಯೂ ಅದರದ್ದೇ ಎನ್ನುವುದು ನಿಮ್ಮ ವಾದ. 2015ರ ಏಪ್ರಿಲಿನಲ್ಲಿ ಇದೇ ಲಕ್ಷ್ಮಿ ಪ್ರಕರಣದಲ್ಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೇ ಅಪರಾಧ ಪರಿಹಾರ ಮಂಡಳಿಯಾಗಿ ಕೆಲಸ ಮಾಡಬೇಕು, ಜಿಲ್ಲಾ ನ್ಯಾಯಾಧೀಶರ ಜೊತೆ ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲೆಯ ಸರ್ಜನ್ ಇಂಥವರೂ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಎಸ್‌ಪಿ ಮತ್ತು ಸರ್ಜನ್ ಕೂತ ಮಂಡಳಿಯಲ್ಲಿ ಪೊಲೀಸ್ ಕಾಗದ, ಆಸ್ಪತ್ರೆ ಕಾಗದ ಸಿಗಲಿಲ್ಲ ಎನ್ನುವುದು ಹೇಗೆ?

ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿದ್ದೀರಾ? ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆ್ಯಸಿಡ್ ದಾಳಿಗೆ ಒಳಗಾದವರನ್ನೂ ಅಂಗವಿಕಲರ ಪಟ್ಟಿಯಲ್ಲಿ ಸೇರಿಸಿದೆ. ಎಷ್ಟು ಶೇಕಡಾ ಎಂದು ಸರ್ಕಾರಿ ವೈದ್ಯಕೀಯ ಮಂಡಳಿ ಬರೆದ ಕಾಗದ ಇದ್ದರೆ, ಯೋಜನೆಯ ಪಟ್ಟಿಯಲ್ಲಿ ನಿಮ್ಮಕ್ಕ ಯಾವ ಸಾಲಿಗೆ ಬರುತ್ತಾಳೆ ಎನ್ನುವುದರಲ್ಲಿ ಜಗಳವೇ ಇರುವುದಿಲ್ಲ. ನಾಳೆಯೇ ಅರ್ಜಿ ಹಾಕಿ. ಹೊಲಿಗೆಯಿಂದ ತಿಂಗಳಿಗೆ ಎಷ್ಟು ಬರುತ್ತಿತ್ತು ಎನ್ನುವುದಕ್ಕೂ ಏನಾದರೂ ಹುಡುಕಿ. ಬಟ್ಟೆ ಕೊಡುತ್ತಿದ್ದ ನಾಲ್ಕು ಮನೆಯವರು ಬರೆದುಕೊಟ್ಟರೂ ಸರಿ, ಸ್ವಸಹಾಯ ಸಂಘದ ಪುಸ್ತಕ ಇದ್ದರೆ ಇನ್ನೂ ಒಳ್ಳೆಯದು. ಕೆಲಸ ಹೋದದ್ದನ್ನೂ, ಮುಂದೆ ಬರುವ ಆಸ್ಪತ್ರೆ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಯೋಜನೆಯೇ ಹೇಳುತ್ತದೆ.

ಕೊಟ್ಟದ್ದನ್ನು ವಾಪಸ್ ಕೇಳುತ್ತಾರಾ ಎಂದು ಕೇಳಿದ್ದೀರಿ. ನೀವು ಪ್ರಶ್ನಿಸುತ್ತಿರುವುದು ಹೆಚ್ಚು ಕೊಡದ ಭಾಗವನ್ನು. ಮೂರು ಲಕ್ಷ ಕೊಟ್ಟದ್ದು ತಪ್ಪು ಎಂದು ಯಾರೂ ಅರ್ಜಿ ಹಾಕಿಲ್ಲ. ಅದು ಸುಪ್ರೀಂ ಕೋರ್ಟ್ ಹಾಕಿದ ಕನಿಷ್ಠ ಮೊತ್ತ ಬೇರೆ. ಆ ಭಯ ಬಿಡಿ. ಅರ್ಜಿಯಲ್ಲಿ ಬೇಡಿಕೆ ಬರೆಯುವಾಗ 'ಆದೇಶವನ್ನು ಹೆಚ್ಚುವರಿ ಪರಿಹಾರ ನಿರಾಕರಿಸಿದ ಮಟ್ಟಿಗೆ ರದ್ದು ಮಾಡಿ' ಎಂದು ಸ್ಪಷ್ಟವಾಗಿ ಬರೆಸಿ.

ಬೇಡಿಕೆಯ ವಿಷಯದಲ್ಲಿ ಇನ್ನೊಂದು ಮಾತು. ಆದೇಶ ತಪ್ಪು ಎನಿಸಿದರೆ ಹೈಕೋರ್ಟು ಹೆಚ್ಚಾಗಿ ಮಾಡುವುದು, ಅದನ್ನು ರದ್ದು ಮಾಡಿ, ಮತ್ತೆ ತೀರ್ಮಾನಿಸಿ ಎಂದು ಪ್ರಾಧಿಕಾರಕ್ಕೇ ಕಳಿಸುವುದು. ಗೆದ್ದು ಬಂದ ಮೇಲೆ ಮತ್ತೆ ಅದೇ ಕಚೇರಿಯ ಬೆಂಚಿನ ಮೇಲೆ ಕೂರಬೇಕಲ್ಲ ಎಂದು ಜನ ಕುಗ್ಗುತ್ತಾರೆ. ಹಾಗಾಗಿ ಎರಡು ಬೇಡಿಕೆ ಇಡಿ. ಒಂದು, ಯೋಜನೆಯ ಕನಿಷ್ಠವೇ 7 ಲಕ್ಷ ಇರುವುದರಿಂದ ಬಾಕಿ 4 ಲಕ್ಷವನ್ನು ಈಗಲೇ ಕೊಡಲು ನಿರ್ದೇಶಿಸಿ. ಎರಡು, ಅದಕ್ಕಿಂತ ಮೇಲಿನದ್ದನ್ನು ಇಂತಿಷ್ಟು ವಾರದೊಳಗೆ, ನಮ್ಮ ಮಾತು ಕೇಳಿ, ಕಾರಣ ಬರೆದು ತೀರ್ಮಾನಿಸಲು ಹೇಳಿ. ಕೋರ್ಟು ತಾನೇ ಮೊತ್ತ ಹೇಳಲು ಅಡ್ಡಿಯಿಲ್ಲ. ಪರಿವರ್ತನ ಕೇಂದ್ರ ಪ್ರಕರಣದಲ್ಲಿ ಆದದ್ದು ಅದೇ. 2014ರ ನವೆಂಬರಿನಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡ ಅವರಿದ್ದ ಪೀಠ ಹರಿಯಾಣದ ಸುರೇಶ್ ಪ್ರಕರಣದಲ್ಲೂ ಹೀಗೆಯೇ 10 ಲಕ್ಷ ಮಧ್ಯಂತರ ಪರಿಹಾರ ಕೊಡಿಸಿತು. ಅರ್ಜಿ ಬರಲಿ ಎಂದು ಕಾಯದೆ, ಮಧ್ಯಂತರ ಪರಿಹಾರ ಬೇಕಾ ಎಂದು ಕೋರ್ಟುಗಳು ತಾವೇ ಯೋಚಿಸಬೇಕು ಎಂದೂ ಆ ತೀರ್ಪು ಹೇಳಿತು. ನಿಮ್ಮಕ್ಕನ ಕೇಸು ಇನ್ನೂ ಸೆಷನ್ಸ್ ಕೋರ್ಟಿನಲ್ಲಿದೆ ಅಲ್ವಾ? ತೀರ್ಪಿನ ಹೊತ್ತಿಗೆ ಪರಿಹಾರದ ಶಿಫಾರಸು ಮಾಡಲು ಸರ್ಕಾರಿ ವಕೀಲರ ಮೂಲಕ ಅಲ್ಲೂ ಕೇಳಿ. ಆರೋಪಿಗೆ ಹಾಕುವ ದಂಡದಿಂದ ಬರುವ ಹಣ ಬೇರೆ, ಸರ್ಕಾರ ಕೊಡುವ ಪರಿಹಾರ ಬೇರೆ.

ಎರಡು ಸಣ್ಣ ವಿಷಯ, ಇವೂ ಹಣದ್ದೇ. ಆ್ಯಸಿಡ್ ದಾಳಿಗೆ ಒಳಗಾದವರಿಗೆ ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯಿಂದ ಹೆಚ್ಚುವರಿ ಒಂದು ಲಕ್ಷ ಸಿಗುತ್ತದೆ ಎಂದು 2018ರ ಯೋಜನೆಯಲ್ಲೇ ಇದೆ. ಬಂದಿದೆಯಾ ನೋಡಿ. ಇನ್ನು ಚಿಕಿತ್ಸೆ. ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಕೊಡಬೇಕು, ಮುಖ ಸರಿಪಡಿಸುವ ಶಸ್ತ್ರಚಿಕಿತ್ಸೆಯೂ ಅದರಲ್ಲಿ ಸೇರಿದೆ ಎಂದು ಲಕ್ಷ್ಮಿ ಪ್ರಕರಣದ 2015ರ ಏಪ್ರಿಲಿನ ಆದೇಶ ಹೇಳುತ್ತದೆ. ಇನ್ನೂ ಆಪರೇಷನ್ ಬಾಕಿ ಇದ್ದರೆ ಪರಿಹಾರದ ಹಣ ಮುರಿಯಬೇಡಿ.

ಎಲ್ಲಿಗೆ ಹೋಗಬೇಕು? ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ, ವಿಜಯನಗರ, ಉತ್ತರ ಕನ್ನಡದ ಕಡೆಯವರಾದರೆ ಧಾರವಾಡ ಪೀಠ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದವರಾದರೆ ಕಲಬುರಗಿ ಪೀಠ. ಉಳಿದವರಿಗೆ ಬೆಂಗಳೂರು. ವಕೀಲರ ಫೀಸಿಗೆ ಸಾಲ ಮಾಡಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯ 12ನೇ ಕಲಂ ಅದು. ಮೂರೂ ಕಡೆ ಹೈಕೋರ್ಟ್ ಕಾನೂನು ಸೇವಾ ಸಮಿತಿ ಇದೆ. ಅಲ್ಲಿ ಅರ್ಜಿ ಕೊಟ್ಟರೆ ವಕೀಲರನ್ನು ಅವರೇ ನೇಮಿಸುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಪ್ರಾಧಿಕಾರದ ಆದೇಶದ ಮೇಲೆ ಹೋಗಲು ಪ್ರಾಧಿಕಾರದವರ ವಕೀಲರನ್ನೇ ನಂಬುವುದು ಹೇಗೆ ಎಂದು ಅನಿಸಬಹುದು. ನಾನೂ ಆ ಪ್ಯಾನೆಲ್‌ನಲ್ಲಿ ವರ್ಷಗಟ್ಟಲೆ ಇದ್ದೆ. ಒಮ್ಮೆ ವಕಾಲತ್ತಿಗೆ ಸಹಿ ಬಿದ್ದರೆ ಆ ವಕೀಲರು ನಿಮ್ಮವರು.

ತಡ ಮಾಡಬೇಡಿ. ರಿಟ್‌ಗೆ ಇಷ್ಟೇ ದಿನ ಎಂದು ಕಾನೂನಿನಲ್ಲಿ ಬರೆದಿಲ್ಲ, ಆದರೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೋರ್ಟು ಕೇಳುತ್ತದೆ. ಒಬ್ಬ ನ್ಯಾಯಮೂರ್ತಿ ವಜಾ ಮಾಡಿದರೂ ಇಬ್ಬರ ಪೀಠದ ಮುಂದೆ 30 ದಿನದಲ್ಲಿ ರಿಟ್ ಮೇಲ್ಮನವಿ ಹಾಕಲು ಅವಕಾಶ ಇದೆ. ನಿಮ್ಮಂತೆಯೇ ಜಿಲ್ಲೆಯ ಆದೇಶ ಕೈಯಲ್ಲಿ ಹಿಡಿದು ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳಿಬಿಡುತ್ತೇನೆ. 2018ರ ಯೋಜನೆಯಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಲು ಆದೇಶ ಸಿಕ್ಕ ದಿನದಿಂದ 30 ದಿನ. ಮೀರಿದ್ದರೆ ತಡವಾದ ಕಾರಣ ಬರೆದು ಕ್ಷಮಿಸಲು ಕೇಳಬಹುದು. ಅದನ್ನು ಬಿಟ್ಟು ನೇರ ಹೈಕೋರ್ಟಿಗೆ ಹೋದರೆ ಮೊದಲು ಅಲ್ಲಿ ಹೋಗಿ ಬನ್ನಿ ಎನ್ನುತ್ತಾರೆ.

ಆ ಆದೇಶದ ಕವರನ್ನು ಎಸೆದಿಲ್ಲ ತಾನೇ? ಅಂಚೆ ಮುದ್ರೆಯ ದಿನಾಂಕ ಬೇಕಾಗುತ್ತದೆ. ಅದನ್ನೂ ಆದೇಶದ ಜೊತೆ ಪಿನ್ ಮಾಡಿ ಇಡಿ. ಮಾಸದೆ ಉಳಿದ ಔಷಧಿ ಬಿಲ್ಲುಗಳನ್ನು ಇವತ್ತೇ ಜೆರಾಕ್ಸ್ ಮಾಡಿಸಿ. ಫೋಟೋ ಮಾತ್ರ ಜೆರಾಕ್ಸ್ ಬೇಡ, ಸ್ಟುಡಿಯೋದಲ್ಲಿ ಬಣ್ಣದ ಪ್ರಿಂಟ್ ಹಾಕಿಸಿ. ಮುಂಚಿನದ್ದೊಂದು, ಈಗಿನದ್ದೊಂದು.